ಹ್ಞೂಂಗುಟ್ಟುವವರು: ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಪ್ರತಿಸ್ಪಂದನ ತಂತ್ರಜ್ಞಾನ

ಜನಪದ ಕಥನ ಪರಂಪರೆಯಲ್ಲಿ ಕೇಳುಗನು ಮೂಕನಲ್ಲ. ಕತೆ ಹೇಳುವ ಅಜ್ಜಿಯ ಮುಂದೆ ಕುಳಿತವರಲ್ಲಿ ಒಬ್ಬರಾದರೂ 'ಹ್ಞೂಂ' ಎನ್ನುತ್ತಿರಬೇಕು. ಅದು ನಿಂತರೆ ಕತೆಯೂ ನಿಲ್ಲುತ್ತದೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಈ ಸಂಬಂಧ ಇನ್ನಷ್ಟು ಬಿಗಿಯಾದುದು. ಹರದೇಶಿಯವರು ಗಂಡನ್ನೂ ನಾಗೇಶಿಯವರು ಹೆಣ್ಣನ್ನೂ ಮೇಲೆಂದು ಸಾಧಿಸುತ್ತ ಸವಾಲು-ಜವಾಬು ನಡೆಸುವಾಗ, ಎದುರಿನವರ ಪ್ರಶ್ನೆಯನ್ನು ಕೇಳಿಸಿಕೊಂಡ ಮೇಲೆಯೇ ಹಾಡುಗಾರನು ತನ್ನ ಮುಂದಿನ ಪದವನ್ನು ಆಯ್ದುಕೊಳ್ಳುತ್ತಾನೆ. ಮೆಚ್ಚಿದವರು ನಡುವೆಯೇ ಎದ್ದು ಆಯೇರಿ ಮಾಡುತ್ತಾರೆ. ಮೆಚ್ಚದವರು ಎದ್ದು ಹೋಗುತ್ತಾರೆ.

ಇದೇ ನೆಲದ ಉಪನ್ಯಾಸ ಕೊಠಡಿಯ ಚಿತ್ರ ಬೇರೆ. 1949ರಲ್ಲಿ ಸ್ಥಾಪನೆಗೊಂಡ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸುತ್ತಲ ಜಿಲ್ಲೆಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಮನೆಯಲ್ಲಿ ಮೊದಲಿಗೆ ಪದವಿ ಕಂಡವರು ಅವರಲ್ಲಿ ಹಲವರು. 'ಅರ್ಥವಾಯಿತೇ?' ಎಂದು ಕೇಳಿದರೆ 'ಹೌದು ಸರ್' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಗೌರವದ ಮಾತೇ ಹೊರತು ಹ್ಞೂಂಗುಟ್ಟುವಿಕೆಯಲ್ಲ. ಪಾಠ ಎಲ್ಲಿ ಕೈತಪ್ಪಿತೆಂಬುದು ಪರೀಕ್ಷೆಯ ಉತ್ತರಪತ್ರಿಕೆ ಕೈಸೇರುವವರೆಗೂ ಅಧ್ಯಾಪಕನಿಗೆ ತಿಳಿಯುವುದಿಲ್ಲ.

ಈ ಕೊರತೆಗೆ ಯಂತ್ರದ ಮೂಲಕ ಉತ್ತರ ಹುಡುಕುವ ಪ್ರಯತ್ನವೇ ಪ್ರತಿಸ್ಪಂದನ ತಂತ್ರಜ್ಞಾನ. ಪರದೆಯ ಮೇಲೆ ಪ್ರಶ್ನೆಯೊಂದು ಮೂಡುತ್ತದೆ. ವಿದ್ಯಾರ್ಥಿಗಳು 'ಕ್ಲಿಕರ್' ಎಂಬ ಕೈಸಾಧನದ ಅಥವಾ ಮೊಬೈಲಿನ ಗುಂಡಿಯೊತ್ತಿ ಉತ್ತರಿಸುತ್ತಾರೆ. ಯಾವ ಉತ್ತರಕ್ಕೆ ಎಷ್ಟು ಜನ ಎಂಬುದು ಕ್ಷಣದಲ್ಲಿ ಕಂಬನಕ್ಷೆಯಾಗಿ ಕಾಣುತ್ತದೆ. ಯಾರದು ಯಾವ ಉತ್ತರವೆಂದು ಪಕ್ಕದವರಿಗೆ ತಿಳಿಯದು. ಕೈ ಎತ್ತಿಸಿದರೆ ಜಾಣನ ಕೈಯನ್ನು ನೋಡಿ ತಮ್ಮ ಕೈ ಎತ್ತುವವರಿಗೆ ಇಲ್ಲಿ ಆ ಆಸರೆಯೂ ಇಲ್ಲ, ಅಳುಕೂ ಇಲ್ಲ. ಸಾಧನ ಕೊಳ್ಳಲಾಗದ ಕಾಲೇಜುಗಳಿಗೆ 'ಪ್ಲಿಕರ್ಸ್' ಎಂಬ ಕಾಗದದ ಚೀಟಿಗಳಿವೆ. ಚೀಟಿಯನ್ನು ಹಿಡಿದ ದಿಕ್ಕೇ ಉತ್ತರ; ಅಧ್ಯಾಪಕರ ಒಂದೇ ಮೊಬೈಲು ಅದನ್ನು ಓದಿಕೊಳ್ಳುತ್ತದೆ.

ನಮ್ಮ ರಾಜ್ಯಕ್ಕೆ ದ್ವಿಮುಖ ಬೋಧನೆಯ ಯಂತ್ರ ಹೊಸದೇನಲ್ಲ. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು.

ಆದರೆ ಎಣಿಕೆಯೇ ಸಂವಾದವಲ್ಲ. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ರೂಢಿಸಿದ ಕ್ರಮದಲ್ಲಿ ಸಾಧನಕ್ಕಿಂತ ಮುಖ್ಯವಾದುದು ಎರಡು ಮತದಾನಗಳ ನಡುವಿನ ಮಾತು. ವಿದ್ಯಾರ್ಥಿ ಮೊದಲು ಒಬ್ಬನೇ ಯೋಚಿಸಿ ಉತ್ತರಿಸುತ್ತಾನೆ. ಬಳಿಕ ಬೇರೆ ಉತ್ತರ ಕೊಟ್ಟ ಪಕ್ಕದವನನ್ನು ಒಪ್ಪಿಸಲು ವಾದಿಸುತ್ತಾನೆ. ಆಮೇಲೆ ಮತ್ತೆ ಮತ. ಸರಿಯುತ್ತರ ಕೊಟ್ಟವರು ತೀರ ಕಡಿಮೆಯಿದ್ದರೆ ಅಧ್ಯಾಪಕನು ವಿಷಯವನ್ನು ಮತ್ತೆ ವಿವರಿಸಬೇಕು, ಬಹುಪಾಲು ಜನರಿದ್ದರೆ ಮುಂದುವರಿಯಬೇಕು. ಹೀಗೆ ಕೇಳುಗರ ಉತ್ತರದಿಂದ ಉಪನ್ಯಾಸದ ಮುಂದಿನ ಮಾತು ಬದಲಾಗುವುದೇ ಇದರ ತಿರುಳು. ಗೀಗೀ ಹಾಡುಗಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಜಾನಪದ ತರಗತಿಗೆ ಇದನ್ನು ಹೇಗೆ ಒಗ್ಗಿಸಬಹುದು? 'ಹರದೇಶಿ ಎಂದರೇನು?' ಎಂಬ ನೆನಪಿನ ಪ್ರಶ್ನೆಗೆ ಗುಂಡಿಯೊತ್ತಿಸುವುದು ವ್ಯರ್ಥ. 'ಕೆರೆಗೆ ಹಾರ'ದ ಭಾಗೀರಥಿಯ ಸಾವು ಒಪ್ಪಿಗೆಯದೋ ಒತ್ತಾಯದ್ದೋ ಎಂದು ಕೇಳಿ ನೋಡಬೇಕು. ಇದಕ್ಕೆ ಸಿದ್ಧ ಉತ್ತರವಿಲ್ಲ. ಪಠ್ಯಕ್ಕೆ ಮರಳದೆ ವಾದ ನಿಲ್ಲುವುದಿಲ್ಲ. ತವರಿನಲ್ಲಿ ನಿಜವನ್ನು ಮುಚ್ಚಿಟ್ಟ ಆಕೆ ಗೆಳತಿಯ ಮುಂದೆ ಮಾತ್ರ ಬಾಯಿಬಿಡುತ್ತಾಳೆಂಬ ಸಂಗತಿ ಆಗ ಚರ್ಚೆಗೆ ಬರುತ್ತದೆ. ಹಿರಿಯರೆದುರು ಆಡಲಾಗದ್ದನ್ನು ಸಮಾನರೆದುರು ಆಡಬಹುದೆಂಬುದು ತರಗತಿಗೂ ಸಲ್ಲುವ ಮಾತೇ.

ಮುಕ್ತ ಉತ್ತರಗಳನ್ನು ಪದಗಳ ಗುಚ್ಛವಾಗಿ ತೋರಿಸುವ ತಂತ್ರಾಂಶಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅಕ್ಷರಶಃ ಒಂದೇ ಆದ ರೂಪಗಳನ್ನಷ್ಟೇ ಒಟ್ಟುಗೂಡಿಸುವ ಯಂತ್ರಕ್ಕೆ 'ಹೊಲ', 'ಹೊಲದಾಗ', 'ಹೊಲದಲ್ಲಿ' ಮೂರು ಬೇರೆ ಪದಗಳು. ವಿಭಕ್ತಿಯೂ ಪ್ರಾದೇಶಿಕ ರೂಪಗಳೂ ಸಮೃದ್ಧವಾಗಿರುವ ಕನ್ನಡದಲ್ಲಿ ಆ ಗುಚ್ಛವನ್ನು ಅಧ್ಯಾಪಕರೇ ತಿದ್ದಿ ಓದಬೇಕಾಗುತ್ತದೆ.

ಒಂದೇ ಪ್ರಶ್ನೆಯನ್ನು ವರ್ಷವರ್ಷವೂ ಕೇಳಿ, ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಹೆಸರಿಲ್ಲದೆ ದಿನಾಂಕದೊಡನೆ ಉತ್ತರಗಳನ್ನು ಕಾಪಿಟ್ಟರೆ, ಭಾಗೀರಥಿಯನ್ನು ಯಾವ ತಲೆಮಾರು ಹೇಗೆ ಕಂಡಿತೆಂಬುದಕ್ಕೆ ಕ್ಷೇತ್ರಕಾರ್ಯದ ಟಿಪ್ಪಣಿಗಳಷ್ಟೇ ಉಪಯುಕ್ತವಾದ ಆಕರವೊಂದು ವಿಭಾಗದ ಕಪಾಟಿನಲ್ಲಿ ಸಿದ್ಧವಾಗುತ್ತದೆ.