ಕಾಂಗ್ರೆಸ್ ಕಸದ ತುರಿಕೆ: ಹೊಸ ಔಷಧಿಗಳು ಎಷ್ಟು ಆಸರೆ?

ಮುಂಗಾರಿನ ಮಳೆ ಎರಡು ಬಾರಿ ಹದವಾಗಿ ಸುರಿಯಿತೆಂದರೆ, ಕಮತಗಿಯಿಂದ ಅಮೀನಗಡದತ್ತ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ, ಹೊಲದ ಬದುಗಳಲ್ಲಿ, ಊರ ಹೊರಗಿನ ಖಾಲಿ ಜಾಗಗಳಲ್ಲಿ ಬಿಳಿಯ ಸಣ್ಣ ಹೂಗಳ ಗಿಡವೊಂದು ದಟ್ಟವಾಗಿ ಏಳುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪಾರ್ಥೇನಿಯಂ; ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಕಸ. ಅಮೆರಿಕ ಖಂಡದ ಮೂಲದ ಈ ಕಳೆಯು 1950ರ ದಶಕದಲ್ಲಿ ಪುಣೆಯ ಪರಿಸರದಲ್ಲಿ ಕಾಣಿಸಿಕೊಂಡು, ಕೆಲವೇ ದಶಕಗಳಲ್ಲಿ ಕರ್ನಾಟಕವನ್ನೆಲ್ಲ ವ್ಯಾಪಿಸಿತು. ಇದರ ನಡುವೆ ವರ್ಷಗಟ್ಟಲೆ ದುಡಿಯುವ ರೈತರಲ್ಲಿ ಕೆಲವರಿಗೆ, ಹಗಲು ಇರುಳೆನ್ನದೆ ಕಾಡುವ ತುರಿಕೆಯ ಚರ್ಮರೋಗವೊಂದು ಬೆನ್ನು ಹತ್ತುತ್ತದೆ.

ರೋಗವು ಮೊದಲು ಕಣ್ಣಿನ ರೆಪ್ಪೆ, ಕತ್ತಿನ ಸುತ್ತಳತೆ, ಕಿವಿಯ ಹಿಂಭಾಗ, ಮೊಣಕೈಯ ಮಡಿಕೆಗಳಲ್ಲಿ ಕಾಣಿಸುತ್ತದೆ. ಮಳೆಗಾಲದಲ್ಲಿ ಕೆರಳಿ, ಕಳೆ ಒಣಗಿದಾಗ ತುಸು ತಗ್ಗಿ, ಮರುವರ್ಷ ಮತ್ತೆ ಮರಳುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ವರ್ಷವಿಡೀ ನಿಲ್ಲುತ್ತದೆ. ಕೆರೆದು ಕೆರೆದು ಚರ್ಮ ಕಪ್ಪಾಗಿ, ದಪ್ಪಗಾಗಿ, ಗೆರೆಗಟ್ಟುತ್ತದೆ. ಕೆಲವರಿಗೆ ಬಿಸಿಲನ್ನೂ ತಾಳಲಾಗದ ಸ್ಥಿತಿ ಬರುತ್ತದೆ. ಹೊಲವೇ ಕಾಯಕಭೂಮಿಯಾದವನಿಗೆ ಬಿಸಿಲು ನಿಷಿದ್ಧವಾದರೆ ಅವನ ಸಂಸಾರದ ಗತಿಯೇನು?

ಇನ್ನೊಂದು ನೋವು ನೋಡುವವರ ಕಣ್ಣಿನಿಂದ ಬರುತ್ತದೆ. ಕಜ್ಜಿಯಂತೆ ಇದೂ ಅಂಟೀತೆಂಬ ಶಂಕೆಯಿಂದ ದಾಸೋಹದ ಪಂಕ್ತಿಯಲ್ಲಿ ಇಂಥವರ ಪಕ್ಕ ಕೂರಲು ಹಿಂಜರಿಯುವವರುಂಟು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಗಿಡದ ನವಿರು ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತುವೇ ಇದರ ಮುಖ್ಯ ಕಾರಣ. ಒಣಗಿದ ಗಿಡ ಪುಡಿಯಾಗಿ ಗಾಳಿಯಲ್ಲಿ ತೇಲಿ ಮೈಮೇಲೆ ಕೂರುತ್ತದೆ. ರಕ್ತದಲ್ಲಿರುವ ರಕ್ಷಕ ಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಂಡು, ಮತ್ತೆ ಸೋಕಿದಾಗಲೆಲ್ಲ ಚರ್ಮದಲ್ಲಿ ಉರಿಯೂತ ಎಬ್ಬಿಸುತ್ತವೆ. ಈ ಗುರುತು ಮೂಡಲು ಅನೇಕ ವರ್ಷಗಳೇ ಹಿಡಿಯಬಹುದು. ಮೂವತ್ತು ವರ್ಷ ಇದೇ ಕಸ ಕಿತ್ತವನಿಗೆ ಈ ವರ್ಷವೇಕೆ ತುರಿಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಮ್ಮೆ ಮೂಡಿದ ಗುರುತು ಸಾಮಾನ್ಯವಾಗಿ ಅಳಿಯುವುದಿಲ್ಲ.

ಹೊಸ ಔಷಧಿಗಳ ಮಾತಿಗೆ ಮುನ್ನ ಅಂಗಡಿಯ ಟ್ಯೂಬಿನ ಮಾತು ಆಡಲೇಬೇಕು. ತುರಿಕೆಯೆಂದೊಡನೆ ಔಷಧಿ ಅಂಗಡಿಗೆ ಹೋಗಿ ಒಂದು ಮುಲಾಮು ಕೇಳಿ ತರುವುದು ನಮ್ಮಲ್ಲಿ ರೂಢಿ. ಅಂಥ ಹಲವು ಮುಲಾಮುಗಳಲ್ಲಿ ಕ್ಲೋಬೆಟಾಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ಅಡಗುವುದರಿಂದ ನಂಬಿಕೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಕೆಂಪೇರುತ್ತದೆ, ಬಿಟ್ಟೊಡನೆ ಇಮ್ಮಡಿಯಾಗಿ ಉರಿಯುತ್ತದೆ. ತುರಿಕೆ ಹುಳುಕಡ್ಡಿಯದಾಗಿದ್ದರಂತೂ ಅದೇ ಮುಲಾಮು ರೋಗವನ್ನು ಮೈತುಂಬ ಹಬ್ಬಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆ ನಿಯಮ ಕಾಗದದಲ್ಲಿ ಇರುವಷ್ಟು ಬಲವಾಗಿ ಅಂಗಡಿಯ ಕಟ್ಟೆಯ ಮೇಲೆ ಇಲ್ಲ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟೇ ದಿನ ಹಚ್ಚಿದರೆ ಸ್ಟೀರಾಯ್ಡ್ ಇಂದಿಗೂ ಉತ್ತಮ ಔಷಧಿ ಎಂಬುದನ್ನೂ ಹೇಳಬೇಕು.

ದೀರ್ಘಕಾಲದ ರೋಗಿಗಳಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ನೆರವಾಗಿರುವುದು ಅಜಾಥಿಯೋಪ್ರಿನ್ ಎಂಬ ಮಾತ್ರೆ. ಅಂಗಾಂಗ ಕಸಿಗಾಗಿ ಬಳಕೆಗೆ ಬಂದ ಇದನ್ನು ಪಾರ್ಥೇನಿಯಂ ರೋಗಕ್ಕೆ ಕೊಟ್ಟು ಪರೀಕ್ಷಿಸಿದವರು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು. ಬೆಲೆ ಕಡಿಮೆ, ಗುಣ ನಿಧಾನ. ಫಲ ಕಾಣಲು ವಾರಗಳೇ ಬೇಕು. ರಕ್ತಕಣಗಳನ್ನೂ ಯಕೃತ್ತನ್ನೂ ಆಗಾಗ ಪರೀಕ್ಷಿಸಿಕೊಳ್ಳದೆ ಇದನ್ನು ನುಂಗಬಾರದು. ಕೀಲುಗಳ ಯೂರಿಕ್ ಆಮ್ಲದ ಬೇನೆಗೆ ಅಲೋಪ್ಯೂರಿನಾಲ್ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಎರಡೂ ಕೂಡಿದರೆ ಪ್ರಾಣಾಪಾಯವುಂಟು.

ಈಚಿನ ವರ್ಷಗಳಲ್ಲಿ ತುರಿಕೆಯ ಮೂಲವನ್ನೇ ತಡೆಯುವ ಔಷಧಿಗಳು ಬಂದಿವೆ. ಚರ್ಮದ ರಕ್ಷಕ ಕಣಗಳು ನರತಂತುಗಳಿಗೆ ಕಳಿಸುವ ಕೆಲವು ಸಂದೇಶವಸ್ತುಗಳೇ ತುರಿಕೆಯನ್ನು ಕೆರಳಿಸುತ್ತವೆಂದು ತಿಳಿದ ಮೇಲೆ, ಆ ಸಂದೇಶವನ್ನೇ ಕತ್ತರಿಸುವ ಯತ್ನ ನಡೆಯಿತು. ಇಸುಬಿಗಾಗಿ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಡ್ಯುಪಿಲುಮಾಬ್ ಚುಚ್ಚುಮದ್ದನ್ನು ಹೆಚ್ಚಿನ ವಯಸ್ಕರಿಗೆ ಎರಡು ವಾರಕ್ಕೊಮ್ಮೆ ಕೊಡುತ್ತಾರೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನೆಮೋಲಿಜುಮಾಬ್ ತುರಿಕೆಯ ಒಂದು ಮುಖ್ಯ ಸಂದೇಶವನ್ನೇ ಗುರಿಯಾಗಿಸುತ್ತದೆ. ಜೀವಕೋಶದ ಒಳಗೆ ಸಂದೇಶ ದಾಟದಂತೆ ತಡೆಯುವ ಮಾತ್ರೆಗಳ ವರ್ಗ ಬೇರೆ: ಉಪಾಡಾಸಿಟಿನಿಬ್, ಅಬ್ರೋಸಿಟಿನಿಬ್, ಟೋಫಾಸಿಟಿನಿಬ್. ಕೆಲವರಿಗೆ ಕೆಲವೇ ದಿನಗಳಲ್ಲಿ ತುರಿಕೆ ಇಳಿದು ನಿದ್ರೆ ಬರುತ್ತದೆ. ವರ್ಷಗಳಿಂದ ನಿದ್ದೆಗೆಟ್ಟವನಿಗೆ ಇದು ಸಣ್ಣ ಮಾತಲ್ಲ. ಇದೇ ವರ್ಗದ ಡೆಲ್ಗೋಸಿಟಿನಿಬ್ ಎಂಬ ಹಚ್ಚುವ ಮುಲಾಮು ಕೈಗಳ ಹಳೆಯ ಇಸುಬಿಗೆ 2024ರಲ್ಲಿ ಯುರೋಪಿನಲ್ಲಿಯೂ 2025ರಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ಪಡೆಯಿತು.

ಆದರೆ ಇವುಗಳ ಒಪ್ಪಿಗೆ ಮುಖ್ಯವಾಗಿ ಇಸುಬಿಗೆ ದೊರೆತದ್ದು. ಕಾಂಗ್ರೆಸ್ ಕಸದ ರೋಗಕ್ಕೆ ಇವುಗಳನ್ನು ಬಳಸಿದ ಅನುಭವ ಇನ್ನೂ ಸ್ವಲ್ಪವೇ. ಚುಚ್ಚುಮದ್ದಿನ ಬೆಲೆಯಂತೂ ಒಕ್ಕಲುತನದ ಮನೆಗೆ ನಿಲುಕುವಂಥದಲ್ಲ. ಟೋಫಾಸಿಟಿನಿಬ್ ನಮ್ಮ ದೇಶದ ಕಂಪನಿಗಳಲ್ಲಿಯೂ ತಯಾರಾಗುವುದರಿಂದ ಅಗ್ಗ. ಅಗ್ಗವಾದ್ದರಿಂದಲೇ ಅದೂ ಅಂಗಡಿಯ ಟ್ಯೂಬಿನ ದಾರಿ ಹಿಡಿದೀತೆಂಬ ಭಯವಿದೆ. ಸುಪ್ತವಾಗಿರುವ ಕ್ಷಯ ಈ ಮಾತ್ರೆಗಳಿಂದ ಏಳಬಹುದು. ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆಗಳ ಎಚ್ಚರಿಕೆಯೂ ಇದೆ. ಧೂಮಪಾನಿಗಳಿಗೂ ವಯೋವೃದ್ಧರಿಗೂ ಅಪಾಯ ಹೆಚ್ಚು.

ಹಾಗಾಗಿ ಮೊದಲ ಹೆಜ್ಜೆ ರೋಗನಿರ್ಣಯ. ಬೆನ್ನಿನ ಮೇಲೆ ಗಿಡದ ಸಾರವುಳ್ಳ ಪಟ್ಟಿ ಅಂಟಿಸಿ ಎರಡು ದಿನಗಳ ಬಳಿಕ ತೆಗೆದು ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದಂತಹ ಕಡೆ ಚರ್ಮರೋಗ ವಿಭಾಗದಲ್ಲಿ ಇದನ್ನು ವಿಚಾರಿಸಬಹುದು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾಗಿದ್ದರೂ, ಜೊತೆಗೆ ಒಯ್ಯಿರಿ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ತುಂಬುತೋಳಿನ ಹತ್ತಿಯ ಅಂಗಿ, ತಲೆಗೆ ರುಮಾಲು. ಹೊಲದಿಂದ ಬಂದೊಡನೆ ಸ್ನಾನ, ಮೈ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್. ಬಟ್ಟೆಗಳನ್ನು ಕಳೆಯಿರುವ ಬಯಲಿನಲ್ಲಿ ಒಣಹಾಕಬೇಡಿ. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಮೆಕ್ಸಿಕೋ ಮೂಲದ ಜೀರುಂಡೆ ಮಳೆಗಾಲದಲ್ಲಿ ಈ ಗಿಡದ ಎಲೆಗಳನ್ನು ತಿನ್ನುತ್ತದೆ, ಒಣಗಾಲದಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಅದೊಂದನ್ನೇ ನೆಚ್ಚಿ ಕೂರಲಾಗದು. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುನ್ನ, ಕೈಚೀಲ ಧರಿಸಿ ಬೇರುಸಹಿತ ಕೀಳಬೇಕು. ಈಗಾಗಲೇ ತುರಿಕೆಯಿರುವವರನ್ನು ಆ ಕೆಲಸಕ್ಕೆ ಕರೆಯಬೇಡಿ. ಅವರ ಮನೆಯ ಸುತ್ತಲಿನ ಕಸವನ್ನು ನೆರೆಯವರೇ ಕಿತ್ತುಕೊಡಿ.