ಬಸ್ಸಿನ ಮೊದಲ ಮೆಟ್ಟಿಲು

ಕೊಳ್ಳೇಗಾಲದ ನಿಲ್ದಾಣಕ್ಕೆ ಹನೂರಿನ ಬಸ್ಸು ಬಂದು ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ಕೆಳಗಿನ ಮೆಟ್ಟಿಲಿನ ಕಡೆಗೆ. ಮಾದಪ್ಪನ ಬೆಟ್ಟಕ್ಕೆ ಹೊರಟ ನನ್ನ ತಾಯಿ, ಮುಪ್ಪಿನ ದಿನಗಳಲ್ಲಿ, ಆ ಮೆಟ್ಟಿಲಿನ ಮುಂದೆ ಅರೆಗಳಿಗೆ ನಿಂತುಬಿಡುತ್ತಿದ್ದರು. "ಕೈ ಕೊಡವ್ವ" ಎಂದು ಕಂಡಕ್ಟರು ಮೇಲಿನಿಂದ ಕೈ ಚಾಚುತ್ತಿದ್ದ. ನಾನು ಕೆಳಗಿನಿಂದ ಆಸರೆಯಾಗುತ್ತಿದ್ದೆ. ಬಸ್ಸಿನ ನೆಲ ಇಷ್ಟು ಎತ್ತರವೇಕೆ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆಗಲೇ.

ಉತ್ತರವನ್ನು ಹುಡುಕುತ್ತ ಹೋದರೆ ಇಂಗ್ಲೆಂಡಿನ ಲೇಲ್ಯಾಂಡ್ ಎಂಬ ಊರನ್ನು ಮುಟ್ಟುತ್ತೇವೆ. ಮೊದಮೊದಲು ಅಲ್ಲಿಯೂ ಬಸ್ಸೆಂದರೆ ಲಾರಿಯ ಷಾಸಿಯ ಮೇಲೆ ಕೂರಿಸಿದ ಪೆಟ್ಟಿಗೆಯೇ. ಷಾಸಿಯ ಉಕ್ಕಿನ ತೊಲೆಗಳು ಗಾಲಿಯ ಅಚ್ಚುಗಳ ಮೇಲೆ ನೇರವಾಗಿ ಹಾಯುತ್ತಿದ್ದುದರಿಂದ ನೆಲ ಎತ್ತರದಲ್ಲಿರುತ್ತಿತ್ತು. ೧೯೨೭ರಲ್ಲಿ ರಾಕ್‌ಹ್ಯಾಮ್ ಎಂಬ ಎಂಜಿನಿಯರು ಅಲ್ಲಿನ ಕಾರ್ಖಾನೆಗಾಗಿ 'ಟೈಗರ್' ಎಂಬ ಒಂದಂತಸ್ತಿನ ಬಸ್ಸನ್ನು ರೂಪಿಸಿದರು. ಅದರ ತೊಲೆಗಳು ಅಚ್ಚಿನ ಬಳಿ ಕಮಾನಿನಂತೆ ಬಾಗಿ, ನಡುವೆ ತಗ್ಗಿದವು. ನೆಲ ಕೆಳಗಿಳಿಯಿತು, ಹತ್ತುವವರ ಮೊಣಕಾಲಿಗೆ ಸುಖವಾಯಿತು.

ನಮ್ಮಲ್ಲಿಗೆ ಬಂದದ್ದು ಆ ಹುಲಿಯಲ್ಲ. ೧೯೪೭ರಲ್ಲಿ ಲೇಲ್ಯಾಂಡಿನವರು 'ಕಾಮೆಟ್' ಎಂಬ ಲಾರಿಯನ್ನು ಹೊರತಂದರು. ೧೯೪೮ರಲ್ಲಿ ಸ್ಥಾಪಿತವಾದ ಅಶೋಕ್ ಮೋಟಾರ್ಸ್ ಮದರಾಸಿನ ಬಳಿಯ ಎಣ್ಣೂರಿನಲ್ಲಿ ಅದನ್ನು ಜೋಡಿಸತೊಡಗಿತು. ೧೯೫೫ರಲ್ಲಿ ಆ ಸಂಸ್ಥೆಯೇ ಅಶೋಕ್ ಲೇಲ್ಯಾಂಡ್ ಆಯಿತು. ಸರಕಿಗೂ ಜನಕ್ಕೂ ಒಂದೇ ಬಗೆಯ ಷಾಸಿ. ಎಂಜಿನ್ನು ಮುಂದೆ, ಚಾಲಕನ ಮಗ್ಗುಲಲ್ಲಿ.

ಇದು ಅವಿವೇಕವೇನೂ ಆಗಿರಲಿಲ್ಲ. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲ, ಹನೂರುಗಳು ಮದರಾಸು ರಾಜ್ಯದಲ್ಲಿದ್ದವು. ನೆರೆಯ ಯಳಂದೂರು ಮೈಸೂರಿನಲ್ಲಿತ್ತು. ರಾಜ್ಯ ಬೇರೆಯಾದರೂ ಹಳ್ಳ, ಕೆಸರು, ಬಂಡಿಜಾಡು ಒಂದೇ. ತಗ್ಗಿನ ಬಸ್ಸಿನ ಹೊಟ್ಟೆ ಅಲ್ಲಿ ನೆಲಕ್ಕೆ ತಾಗುತ್ತಿತ್ತು. ಕಾಡಿನ ನಡುವೆ ಎಂಜಿನ್ನು ಕೆಟ್ಟರೆ ಕೂತಲ್ಲಿಂದಲೇ ಬಾನೆಟ್ಟು ತೆರೆದು ಕೈಹಾಕಬಹುದಿತ್ತು. ಎತ್ತರದ ಆ ನೆಲ ನಮ್ಮ ರಸ್ತೆಗೆ ತೆತ್ತ ಕಂದಾಯ.

ಆದರೆ ರಸ್ತೆ ಸುಧಾರಿಸಿದ ಮೇಲೂ ಕಂದಾಯ ಕಟ್ಟುತ್ತಲೇ ಇರಬೇಕೆ? ೨೦೨೩ರ ಜೂನ್ ೧೧ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಟಿಕೆಟ್ಟಿನ ತಡೆ ಹೋಯಿತು, ಮೆಟ್ಟಿಲಿನ ತಡೆ ಉಳಿಯಿತು. ಬೆಂಗಳೂರಿನಲ್ಲಿರುವಂಥ ತಗ್ಗು ನೆಲದ ಬಸ್ಸು ಘಟ್ಟದ ದಾರಿಗೆ ಒಗ್ಗದಿರಬಹುದು. ಷಾಸಿಯನ್ನು ಬದಲಿಸುವುದೂ ಸುಲಭವಲ್ಲ. ಆದರೆ ಅದರ ಮೇಲಿನ ಮೈಯನ್ನು ಕಟ್ಟುವವರು ನಮ್ಮವರೇ. ನಿಂತಾಗ ಇಳಿದು, ಹೊರಟಾಗ ಮಡಿಚಿಕೊಳ್ಳುವ ಇನ್ನೊಂದು ಮೆಟ್ಟಿಲನ್ನು ಅವರು ಸೇರಿಸಬಾರದೆ?

ನನ್ನ ತಾಯಿ ಈಗಿಲ್ಲ. ನಿಲ್ದಾಣದಲ್ಲಿ ಅವರಂತೆ ಅರೆಗಳಿಗೆ ನಿಲ್ಲುವವರು ಇಂದಿಗೂ ಇದ್ದಾರೆ.