ತುಕ್ಕನ್ನೇ ಕಾವಲಿಗಿಟ್ಟ ಕಂಬ

ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ತುಕ್ಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಿಟಕಿಯ ಸರಳಿಗೆ ಬಣ್ಣ ಹೊಡೆಯುವುದು ಒಂದು ವರ್ಷ ತಪ್ಪಿತೋ, ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಪ್ಪಳದ ಹಾಗೆ ಉಬ್ಬಿ ನಿಂತಿರುತ್ತದೆ. ಉಗುರು ತಾಗಿಸಿದರೆ ಹಕ್ಕಳೆ ಹಕ್ಕಳೆಯಾಗಿ ಕೈಗೆ ಬರುತ್ತದೆ. ಅದರಡಿ ಹಸಿ ಕಬ್ಬಿಣ. ಮರುದಿನವೇ ಅದಕ್ಕೂ ಶುರು.

ದೆಹಲಿಯ ಮೆಹ್ರೌಲಿಯಲ್ಲಿ, ಕುತುಬ್ ಮಿನಾರಿನ ಪಕ್ಕದ ಅಂಗಳದಲ್ಲಿ ನಿಂತಿರುವ ಕಂಬವೂ ಕಬ್ಬಿಣದ್ದೇ. ಉದ್ದ 7 ಮೀಟರಿಗೂ ಮಿಕ್ಕಿ, ತೂಕ 6 ಟನ್ನಿಗೂ ಮಿಕ್ಕಿ, ವಯಸ್ಸು ಸುಮಾರು 1,600 ವರ್ಷ. ‘ಇದಕ್ಕೆ ತುಕ್ಕೇ ಹಿಡಿದಿಲ್ಲ’ ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಹಿಡಿದಿದೆ, ಹಿಡಿದಿದ್ದರಿಂದಲೇ ಕಂಬ ಉಳಿದಿದೆ ಎಂದು ಬಿಡಿಸಿ ಹೇಳಿದವರು ಕಾನ್ಪುರ ಐಐಟಿಯ ಲೋಹಶಾಸ್ತ್ರದ ಪ್ರಾಧ್ಯಾಪಕ ಆರ್. ಬಾಲಸುಬ್ರಮಣ್ಯಂ.

1961ರಲ್ಲಿ ಹುಟ್ಟಿದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ರೆನ್ಸಲೇರ್ ಪಾಲಿಟೆಕ್ನಿಕ್‌ನಲ್ಲಿ ಡಾಕ್ಟರೇಟ್ ಪಡೆದು, 1990ರಲ್ಲಿ ಕಾನ್ಪುರಕ್ಕೆ ಬಂದರು. ಲೋಹದೊಳಗೆ ನುಸುಳುವ ಹೈಡ್ರೋಜನ್, ಕಬ್ಬಿಣ-ಅಲ್ಯೂಮಿನಿಯಂ ಮಿಶ್ರಣಗಳು, ಸವೆತದ ರಸಾಯನಶಾಸ್ತ್ರ ಇವು ಅವರ ದಿನನಿತ್ಯದ ಕೆಲಸ. ದೆಹಲಿಯ ಕಂಬವನ್ನೂ ಅವರು ಇದೇ ಕಣ್ಣಿನಿಂದ ನೋಡಿದರು. ಪವಾಡವೆಂದು ಕೈಮುಗಿಯಲಿಲ್ಲ, ‘ಒಣ ಹವೆ ಸ್ವಾಮಿ, ಅಷ್ಟೇ’ ಎಂದು ತಳ್ಳಿಯೂ ಹಾಕಲಿಲ್ಲ.

ಗುಟ್ಟು ಇದ್ದದ್ದು ರಂಜಕದಲ್ಲಿ. ನಮ್ಮ ಹಳೆಯ ಕಮ್ಮಾರರು ಅದಿರನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕುತ್ತಿದ್ದರು, ಸುಣ್ಣಕಲ್ಲು ಸೇರಿಸುತ್ತಿರಲಿಲ್ಲ. ಸುಣ್ಣಕಲ್ಲು ಇದ್ದಿದ್ದರೆ ರಂಜಕ ಕಿಟ್ಟದ ಜೊತೆ ಹೊರಗೆ ಹೋಗುತ್ತಿತ್ತು. ಇಲ್ಲದ್ದರಿಂದ ಅದು ಕಬ್ಬಿಣದಲ್ಲೇ ಉಳಿಯಿತು. ಈಗಿನ ಉಕ್ಕಿನಲ್ಲಿ ರಂಜಕವನ್ನು ಸಾಮಾನ್ಯವಾಗಿ ಶೇ 0.05ಕ್ಕಿಂತ ಕೆಳಗಿಡುತ್ತಾರೆ. ಈ ಕಂಬದಲ್ಲಿ ಅದು ಸರಾಸರಿ ಶೇ 0.25ರಷ್ಟಿದೆ. ಹೀಗೆ ಕಾಯಿಸಿ ತೆಗೆದ, ಒಂದೊಂದೂ 20-30 ಕಿಲೋ ತೂಗುವ ಕಬ್ಬಿಣದ ಮುದ್ದೆಗಳನ್ನು ಬಡಿದು ಬಡಿದು ಬೆಸೆದು ಈ ಕಂಬ ಮಾಡಿದ್ದಾರೆ. ಎಷ್ಟು ಬಡಿದರೂ ಹೊರಬಾರದ ಕಿಟ್ಟದ ಚೂರುಗಳು ಇವತ್ತಿಗೂ ಒಳಗಿವೆ.

ಮೊದಲು ಈ ಕಂಬವೂ ಎಲ್ಲ ಕಬ್ಬಿಣದಂತೆ ತುಕ್ಕು ಹಿಡಿಯಿತು. ಕಿಟ್ಟದ ಚೂರುಗಳು ಅದಕ್ಕೆ ಕುಮ್ಮಕ್ಕು ಕೊಟ್ಟವು. ಲೋಹ ಸವೆದಂತೆ ರಂಜಕ ಮಾತ್ರ ತುಕ್ಕಿನಡಿಯಲ್ಲಿ ಶೇಖರವಾಗುತ್ತ ಹೋಯಿತು. ಅದರ ನೆರವಿನಿಂದ ಮಿಸವೈಟ್ ಎಂಬ, ಬಿರುಕು ಕಡಿಮೆಯಿರುವ ತುಕ್ಕಿನ ಪದರ ಕೂತಿತು. ಮಳೆಗೆ ನೆನೆದು ಬಿಸಿಲಿಗೆ ಒಣಗುವ ಸುತ್ತು ನೂರಾರು ವರ್ಷ ನಡೆದು, ಅಲ್ಲೇ ಕಬ್ಬಿಣದ ಫಾಸ್ಫೇಟ್ ಹರಳುಗಟ್ಟಿತು. ನೀರಿಗೂ ಗಾಳಿಗೂ ದಾರಿ ಮುಚ್ಚಿತು. ಈ ಕಾವಲುಪದರದ ದಪ್ಪ ಒಂದು ಮಿಲಿಮೀಟರಿನ 20ನೇ ಒಂದು ಪಾಲು ಎಂದು ಬಾಲಸುಬ್ರಮಣ್ಯಂ ಹೇಳಿದ್ದರು. ಅವರ ಮುಖ್ಯ ಪ್ರಬಂಧ ‘ಕರೋಷನ್ ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು 2000ದಲ್ಲಿ.

ಅಂದಹಾಗೆ, ‘ತುಕ್ಕು ಹಿಡಿಯದ ಕಂಬ’ ಎಂದು ಬೀಗುವವರು ಮಣ್ಣಿನೊಳಗಿನ ಭಾಗವನ್ನು ಮರೆತಿರುತ್ತಾರೆ. ಅಲ್ಲಿ ಸದಾ ತೇವ, ಒಣಗುವ ಮಾತೇ ಇಲ್ಲ. ಹೀಗಾಗಿ ಆ ಭಾಗ ಚೆನ್ನಾಗಿಯೇ ತುಕ್ಕು ತಿಂದಿತ್ತು. 1961ರಲ್ಲಿ ಅದನ್ನು ಶುಚಿ ಮಾಡಿ ಸೀಸದ ತಗಡು ಸುತ್ತಬೇಕಾಯಿತು.

ಹಳೆಯ ವೈಭವ ಹೊಗಳಿ ಕೈತೊಳೆದುಕೊಳ್ಳುವ ಜಾಯಮಾನ ಬಾಲಸುಬ್ರಮಣ್ಯಂ ಅವರದಾಗಿರಲಿಲ್ಲ. ನನಗೆ ಅವರಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಚಾವಣಿಯ ಕಾಂಕ್ರೀಟ್ ಸಿಡಿದು ಸರಳು ಹಲ್ಲುಕಿರಿಯುವುದನ್ನು ನೋಡದವರಾರು? ಅದೇ ಸರಳನ್ನು ರಂಜಕವಿರುವ ಕಬ್ಬಿಣದಿಂದ ಮಾಡಬಹುದೇ ಎಂದು ವಿದ್ಯಾರ್ಥಿಗಳ ಜೊತೆ ಹುಡುಕಿದರು. ರಂಜಕ ಹೆಚ್ಚಾದರೆ ಕಬ್ಬಿಣ ಪೆಡಸಾಗಿ ಮುರಿಯುತ್ತದೆ. ಇಂಗಾಲದ ಪ್ರಮಾಣವನ್ನೂ ಕಾಯಿಸುವ ಹದವನ್ನೂ ಹೊಂದಿಸಿ ಆ ತೊಡಕು ಬಿಡಿಸಲು ಹೊರಟಿದ್ದರು. ಕಾಯಿಲೆ ಬಿಡಲಿಲ್ಲ. 2009ರ ಡಿಸೆಂಬರಿನಲ್ಲಿ, 48ನೇ ವಯಸ್ಸಿಗೆ ತೀರಿಕೊಂಡರು.

ದೆಹಲಿಯ ಕಂಬ ಉಳಿದದ್ದು ಬರೀ ಒಣ ಹವೆಯಿಂದ ಎಂಬ ವಾದಕ್ಕೆ ನಮ್ಮಲ್ಲೇ ಒಂದು ಉತ್ತರವಿದೆ. ಮಳೆ ಬಿಡದೆ ಹೊಯ್ಯುವ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ, ಎತ್ತರದ ಕಬ್ಬಿಣದ ಕಂಬವೊಂದು ಬಯಲಲ್ಲೇ ನಿಂತಿದೆ. ದೇವಿಯ ತ್ರಿಶೂಲವೆನ್ನುತ್ತಾರೆ ಊರವರು. ಬನಾರಸ್‌ನಲ್ಲಿ ಬಹುಕಾಲ ಲೋಹಶಾಸ್ತ್ರ ಕಲಿಸಿದ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದಿದ್ದಾರೆ.

ದೆಹಲಿಯ ಕಂಬವನ್ನು ಬೆನ್ನಹಿಂದೆ ಕೈಚಾಚಿ ತಬ್ಬಿದರೆ ಅದೃಷ್ಟ ಖುಲಾಯಿಸುತ್ತದೆಂದು ಜನ ತಬ್ಬಿ ತಬ್ಬಿ ಅದರ ಕಾವಲುಪದರ ಸವೆಯಿತು. 1997ರಲ್ಲಿ ಸುತ್ತ ಬೇಲಿ ಹಾಕಿದರು. ಕೊಡಚಾದ್ರಿ ಹತ್ತುವವರು ಕಂಬಕ್ಕೆ ನಮಸ್ಕಾರ ಮಾಡಿ, ಫೋಟೊ ತೆಗೆದುಕೊಳ್ಳಿ. ಬೀಗದಕೈಯಿಂದ ಅದರ ಮೇಲೆ ಹೆಸರು ಮಾತ್ರ ಗೀಚಬೇಡಿ.